ಇಲ್ಲದವರಿಂದ ಇದ್ದವರಿಗೆ

ನಮ್ಮ ಕಡೆ ಹುಟ್ಟಿದ ಒಂದು ವಸ್ತುವನ್ನು ಶ್ರೀಮಂತ ದೇಶದವರು ಒಪ್ಪಿಕೊಂಡರು ಎಂದು ಕೇಳಿದ ಕೂಡಲೇ ನನಗೆ ಹಿಗ್ಗಾಗುತ್ತದೆ. ಅದನ್ನು ಮಾಡಿದವನು ನಾನಲ್ಲ, ನನ್ನ ಊರಿನವರೂ ಅಲ್ಲ. ಆದರೂ ಬೆಂಗಳೂರಿನಲ್ಲಿ ನಮ್ಮ ಹಳ್ಳಿಗಳಿಗೆಂದು ರೂಪಿಸಿದ ಇಸಿಜಿ ಯಂತ್ರ ಅಮೆರಿಕದ ಡಾಕ್ಟರುಗಳ ಮೇಜಿಗೂ ಹೋಯಿತು ಎಂಬ ಸಂಗತಿ ನೆನೆದಾಗಲೆಲ್ಲ ಎದೆ ಉಬ್ಬುತ್ತದೆ. ಈ ಹಿಗ್ಗು ಎಲ್ಲಿಂದ ಬರುತ್ತದೆ? ಅದರಲ್ಲಿ ಏನೇನು ಬೆರೆತಿದೆ? ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಮನೆಮನೆಯ ಮಾತಾದ ಮೇಲೆ ಈ ಪ್ರಶ್ನೆಯನ್ನು ಪಕ್ಕಕ್ಕಿಡಲು ನನ್ನಿಂದ ಆಗುತ್ತಿಲ್ಲ. ನನ್ನನ್ನೇ ಕೂರಿಸಿಕೊಂಡು ಕೇಳುವ ಪ್ರಯತ್ನ ಇದು.

ನಾನು ಪಾಳ್ಯದವನು. ಆಲೂರು ತಾಲ್ಲೂಕಿನ ಈ ಹೋಬಳಿ ಬಯಲಿಗೂ ಮಲೆನಾಡಿಗೂ ನಡುವಿನ ನೆಲ. ಹಾಸನದ ಕಡೆಯಿಂದ ಬರುವಾಗ ಮುಸುಕಿನ ಜೋಳ, ಆಲೂಗೆಡ್ಡೆಯ ಹೊಲಗಳು ಹಿಂದೆ ಉಳಿದು, ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿ ಗಿಡ ಕಾಣಿಸತೊಡಗುತ್ತವೆ. ಮಂಗಳೂರಿನ ಹೆದ್ದಾರಿಯಲ್ಲಿ ಲಾರಿಗಳು ಹಗಲಿರುಳು ಓಡುತ್ತವೆ. ಹೆದ್ದಾರಿ ಬಿಟ್ಟು ಒಳಗಿನ ಹಳ್ಳಿಗೆ ತಿರುಗಿದರೆ ಸ್ಥಿತಿಯೇ ಬೇರೆ. ಆಷಾಢದ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಲೈನ್‌ಮನ್ ಬರುವವರೆಗೆ ಕರೆಂಟ್ ಇಲ್ಲ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ರಾತ್ರಿ ದಾರಿಯಲ್ಲಿ ಆನೆ ನಿಂತಿದ್ದರೆ ಅದು ತೋಟಕ್ಕೆ ಇಳಿಯುವವರೆಗೆ ಗಾಡಿ ಅಲ್ಲೇ ನಿಲ್ಲಬೇಕು. ಇಂಥ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಮನೆಯವರ ಬಾಯಿಂದ ಮೊದಲು ಬರುವ ಮಾತು, ‘ಗ್ಯಾಸ್ಟ್ರಿಕ್ ಇರ್ಬೇಕು, ಒಂಚೂರು ಜೀರಿಗೆ ನೀರು ಕುಡೀರಿ’. ಅದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಸ್ಪತ್ರೆ ದೂರವಿರುವವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಅದು. ನೋವು ಎದೆಯದೋ ಹೊಟ್ಟೆಯದೋ ಎಂದು ತಿಳಿಸುವ ಯಂತ್ರ ಹತ್ತಿರದಲ್ಲಿ ಇಲ್ಲದಿದ್ದರೆ ಹೊಟ್ಟೆಯದೇ ಇರಲಿ ಎಂದು ಯಾರಾದರೂ ಬಯಸುತ್ತಾರೆ.

ಆ ಯಂತ್ರ ಹುಟ್ಟಿದ್ದು ಶ್ರೀಮಂತ ದೇಶದಲ್ಲೇ. ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ವಿಲೆಮ್ ಐಂತೋವನ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ ಸಲಕರಣೆ ಸುಮಾರು 270 ಕಿಲೋ ತೂಗುತ್ತಿತ್ತು. ನಡೆಸಲು ಐದು ಜನ ಬೇಕಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕೂರಬೇಕಿತ್ತು. ಈ ಕೆಲಸಕ್ಕೆ ಐಂತೋವನ್‌ಗೆ 1924ರ ನೊಬೆಲ್ ಬಂತು. ಆಮೇಲೆ ಯಂತ್ರ ಕಿರಿದಾಗುತ್ತಾ ಬಂತು, ನಿಖರವಾಗುತ್ತಾ ಬಂತು. ಆದರೆ ಅದನ್ನು ರೂಪಿಸುವವರ ಕಣ್ಣ ಮುಂದೆ ಇದ್ದದ್ದು ಯಾವಾಗಲೂ ದೊಡ್ಡ ಆಸ್ಪತ್ರೆ. ಅಲ್ಲಿ ಕರೆಂಟ್ ಹೋಗುವುದಿಲ್ಲ, ಕೋಣೆಯಲ್ಲಿ ಧೂಳಿಲ್ಲ, ಗೆರೆ ಓದುವ ತಜ್ಞರು ಪಕ್ಕದಲ್ಲೇ ಇದ್ದಾರೆ, ಯಂತ್ರ ಕೆಟ್ಟರೆ ರಿಪೇರಿಯವರು ಬೇಗ ಬರುತ್ತಾರೆ. ಭಾರತಕ್ಕೆ ಬಂದದ್ದೂ ಅಂಥದೇ ಯಂತ್ರ. ಸಾವಿರಾರು ಡಾಲರ್ ಕೊಟ್ಟು ಅದನ್ನು ತರಿಸುವುದು ನಗರದ ಆಸ್ಪತ್ರೆಗೆ ಸಾಧ್ಯವಿತ್ತು, ಹೋಬಳಿಯಲ್ಲಿ ಕ್ಲಿನಿಕ್ ಇಟ್ಟ ಡಾಕ್ಟರಿಗೆ ಸಾಧ್ಯವಿರಲಿಲ್ಲ.

ಅಮೆರಿಕದ ಜಿಇ ಕಂಪನಿ 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರವನ್ನು ತೆರೆಯಿತು. ಆ ಕಂಪನಿಯ ಬೆಂಗಳೂರಿನ ಎಂಜಿನಿಯರುಗಳು ಕೈಗೆತ್ತಿಕೊಂಡ ಯಂತ್ರಕ್ಕೆ ಮ್ಯಾಕ್ 400 ಎಂದು ಹೆಸರಾಯಿತು. ಅವರು ದೊಡ್ಡ ಯಂತ್ರದಿಂದ ಏನೇನು ಕಿತ್ತುಹಾಕಬಹುದು ಎಂದು ಲೆಕ್ಕ ಹಾಕುತ್ತಾ ಕೂರಲಿಲ್ಲ. ಹಳ್ಳಿಯ ಡಾಕ್ಟರಿಂದ ಹೊರಟು ಹಿಂದಕ್ಕೆ ಯೋಚಿಸಿದರು. ಡಾಕ್ಟರು ರೋಗಿಯ ಮನೆಗೇ ಹೋಗಬೇಕಾದರೆ ಯಂತ್ರ ಚೀಲದಲ್ಲಿ ಹಿಡಿಸಬೇಕು. ಹಾಗಾಗಿ ತೂಕ ಒಂದೂವರೆ ಕಿಲೋ ಒಳಗೆ ಬಂತು. ಕರೆಂಟ್ ನಂಬುವಂತಿಲ್ಲ, ಹಾಗಾಗಿ ಬ್ಯಾಟರಿ ಬಂತು. ನಡೆಸುವವರಿಗೆ ದೊಡ್ಡ ತರಬೇತಿ ಇರುವುದಿಲ್ಲ. ಹಾಗಾಗಿ ಗುಂಡಿಗಳು ನಾಲ್ಕಕ್ಕೆ ಇಳಿದವು. ಉಳಿದದ್ದು ಮುದ್ರಣದ ತೊಡಕು. ಹಳೆಯ ಯಂತ್ರದ ತೂಕ, ಬೆಲೆ ಎರಡನ್ನೂ ಏರಿಸುತ್ತಿದ್ದದ್ದು ಅದರ ಪ್ರಿಂಟರ್. ಇಲ್ಲಿ ಅದಕ್ಕೆ ಬದಲು ಟಿಕೆಟ್ ಕೊಡುವ ಕೈಯಂತ್ರಗಳಲ್ಲಿರುವ ಪುಟ್ಟ ಪ್ರಿಂಟರನ್ನೇ ಒಗ್ಗಿಸಿಕೊಂಡರು. ಬಸ್ಸಿನ ಧೂಳು, ಬಿಸಿಲು, ಕುಲುಕಾಟ ಎಲ್ಲವನ್ನೂ ಕಂಡಕ್ಟರ ಕೈಯಲ್ಲಿ ದಿನವಿಡೀ ತಾಳಿಕೊಳ್ಳುವ ಸಲಕರಣೆ ಅದು. ಬಿಡಿಭಾಗವೂ ಸುಲಭವಾಗಿ ಸಿಗುತ್ತಿತ್ತು. ಸಾಮಾನ್ಯ ಯಂತ್ರಕ್ಕೆ 2,000 ಡಾಲರ್ ಮತ್ತು ಅದಕ್ಕೂ ಮೇಲಿದ್ದ ಕಾಲದಲ್ಲಿ ಇದರ ಬೆಲೆ ಸುಮಾರು 800 ಡಾಲರಿಗೆ ಇಳಿಯಿತು. ಒಂದು ಪರೀಕ್ಷೆಯ ಖರ್ಚು ಒಂದು ಡಾಲರಿನ ಆಸುಪಾಸಿಗೆ ಬಂತು.

2009ರ ಮೇ ತಿಂಗಳಲ್ಲಿ ಜಿಇ ಕಂಪನಿ ಆರೋಗ್ಯ ಸೇವೆಯ ವೆಚ್ಚ ತಗ್ಗಿಸುವ ಹೊಸ ಉಪಕರಣಗಳಿಗೆ 300 ಕೋಟಿ ಡಾಲರ್ ತೊಡಗಿಸುವುದಾಗಿ ಸಾರಿದಾಗ ಎತ್ತಿ ತೋರಿಸಿದ್ದು ಎರಡು ಯಂತ್ರಗಳನ್ನು. ಒಂದು, ಭಾರತದ ಹಳ್ಳಿಗಳಿಗೆಂದು ಮಾಡಿದ ಈ ಕೈ ಇಸಿಜಿ. ಇನ್ನೊಂದು, ಚೀನಾದ ಹಳ್ಳಿಗಳಿಗೆಂದು ಮಾಡಿದ ಸಣ್ಣ ಅಲ್ಟ್ರಾಸೌಂಡ್. ಎರಡೂ ಆಗಲೇ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದವು. ಕಂಪನಿಯ ಮುಖ್ಯಸ್ಥ ಜೆಫ್ರಿ ಇಮೆಲ್ಟ್, ಡಾರ್ಟ್‌ಮತ್‌ನ ಪ್ರಾಧ್ಯಾಪಕರಾದ ವಿಜಯ್ ಗೋವಿಂದರಾಜನ್ ಮತ್ತು ಕ್ರಿಸ್ ಟ್ರಿಂಬಲ್ ಸೇರಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಈ ತಿರುವಿನ ಬಗ್ಗೆ ಬರೆದರು. ಅಲ್ಲಿಯವರೆಗೆ ಹೊಸದು ಶ್ರೀಮಂತ ದೇಶದಲ್ಲಿ ಹುಟ್ಟಿ, ಹಳತಾದ ಮೇಲೆ ಅಗ್ಗವಾಗಿ ಬಡ ದೇಶಕ್ಕೆ ಬರಬೇಕು ಎಂಬುದೇ ವ್ಯಾಪಾರದ ನಿಯಮವಾಗಿತ್ತು. ಈಗ ಹೊಳೆ ಮೇಲಕ್ಕೂ ಹರಿಯುತ್ತದೆ ಎಂದು ಅವರು ಹೇಳಿದರು.

ಶ್ರೀಮಂತರಿಗೆ ಇದು ಯಾಕೆ ಬೇಕಾಯಿತು ಎಂದು ಯೋಚಿಸಿದಾಗ ನನ್ನ ಹಿಗ್ಗಿನ ಮೊದಲ ಪದರ ತಿಳಿಯಾಗುತ್ತದೆ. ಅಮೆರಿಕದಲ್ಲೂ ದೊಡ್ಡ ಆಸ್ಪತ್ರೆಯಿಂದ ಗಂಟೆಗಟ್ಟಲೆ ದೂರದ ಊರುಗಳಿವೆ. ಒಬ್ಬರೇ ವೈದ್ಯರು ನಡೆಸುವ ಸಣ್ಣ ಕ್ಲಿನಿಕ್‌ಗಳಿವೆ. ಅಲ್ಲಿನ ಡಾಕ್ಟರಿಗೂ ದುಬಾರಿ ಯಂತ್ರ ಭಾರವೇ. ಇಷ್ಟು ಕಾಲ ಅಂಥವರನ್ನು ಅಲ್ಲಿನ ಕಂಪನಿಗಳೇ ನೋಡಿರಲಿಲ್ಲ. ನಮ್ಮ ಹಳ್ಳಿಗಳನ್ನು ನೋಡಿ ಮಾಡಿದ್ದು ಅವರಿಗೂ ಹೊಂದಿಕೊಂಡಿತು. ಕೊರತೆ ಬಡ ದೇಶದ ಸ್ವಂತ ಆಸ್ತಿಯೇನಲ್ಲ, ಶ್ರೀಮಂತ ದೇಶದ ಒಳಗೂ ಅದು ಮರೆಯಲ್ಲಿ ಕೂತಿದೆ ಎಂದು ತಿಳಿದಾಗ ನನಗೆ ದೂರದ ಆ ಊರಿನವರ ಮೇಲೆ ಸಲಿಗೆ ಹುಟ್ಟಿತು. ಅದಕ್ಕಿಂತ ಆಳವಾಗಿ ಮುಟ್ಟಿದ್ದು ಇನ್ನೊಂದು. ಕರೆಂಟ್ ಹೋಗುತ್ತದೆ, ರಸ್ತೆ ಹಾಳಾಗಿದೆ, ಜೇಬಿನಲ್ಲಿ ದುಡ್ಡಿಲ್ಲ ಎಂಬ ನಮ್ಮ ನಿತ್ಯದ ಗೋಳನ್ನು ಯಾರೋ ಒಬ್ಬ ಎಂಜಿನಿಯರ್ ಗೋಳೆಂದು ಬದಿಗಿಡದೆ, ಯಂತ್ರ ಹೀಗೇ ಇರಬೇಕು ಎಂಬುದಕ್ಕೆ ಅಳತೆಯಾಗಿ ಹಿಡಿದ. ನಮ್ಮ ಕಷ್ಟಕ್ಕೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅಪರೂಪ. ಈ ಸಂತೋಷದಲ್ಲಿ ಕಲ್ಮಶವಿಲ್ಲ ಎಂದು ನಾನು ನಂಬುತ್ತೇನೆ.

ಎರಡನೇ ಪದರ ಅಷ್ಟು ತಿಳಿಯಾಗಿಲ್ಲ.

ಒಮ್ಮೆ ಅಪ್ಪನಿಗೆ ಎದೆಯಲ್ಲಿ ಸಂಕಟವಾದಾಗ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೇಜಿನ ಖಾನೆಯಿಂದ ಪುಟ್ಟ ಯಂತ್ರ ತೆಗೆದು, ತಂತಿಗಳನ್ನು ಹಚ್ಚಿ, ಬಸ್ ಟಿಕೆಟ್ಟಿಗಿಂತ ಸ್ವಲ್ಪ ಅಗಲದ ಕಾಗದದ ಪಟ್ಟಿ ಎಳೆದರು. ನೋಡಿ, ‘ಹೃದಯಕ್ಕೇನೂ ಆಗಿಲ್ಲ’ ಅಂದರು. ಅಪ್ಪನ ಮುಖದಲ್ಲಿ ಸಮಾಧಾನ ಬರಲಿಲ್ಲ. ‘ಅಲ್ಲ ಡಾಕ್ಟ್ರೇ, ಇಷ್ಟು ಚಿಕ್ಕ ಮಿಷನ್ನು... ಹಾಸನಕ್ಕೆ ಹೋಗಿ ದೊಡ್ಡದ್ರಲ್ಲಿ ಮಾಡಿಸ್ಬಹುದಲ್ವ?’ ಎಂದು ಕೇಳಿದರು. ಡಾಕ್ಟರು ಬೇಸರಪಡಲಿಲ್ಲ. ‘ಮಾಡಿಸಿ ಯಜಮಾನ್ರೆ, ಬೇಡ ಅನ್ನಲ್ಲ. ಆದ್ರೆ ಗೆರೆ ಅದೇ ಗೆರೆ. ಇದು ಹೇಳಿದ್ದನ್ನೇ ಅದೂ ಹೇಳೋದು’ ಅಂದರು. ಅಪ್ಪ ಬಾಯಿಬಿಟ್ಟು ಹೇಳಿದ್ದು ನನ್ನ ಮನಸ್ಸಿನಲ್ಲೂ ಇತ್ತು. ಚಿಕ್ಕದು, ಅಗ್ಗದ್ದು, ನಮ್ಮಂಥವರಿಗೆಂದೇ ಮಾಡಿದ್ದು ಎಂದರೆ ಅದರಲ್ಲಿ ಏನೋ ಕಡಿಮೆ ಇರಲೇಬೇಕು ಎಂಬ ಅನುಮಾನ. ಅಂಥದೇ ಯಂತ್ರ ಅಮೆರಿಕಕ್ಕೂ ಹೋಗಿದೆ ಎಂದು ಗೊತ್ತಾದಾಗ ಆ ಅನುಮಾನ ಕರಗುತ್ತದೆ. ಯಂತ್ರ ಬದಲಾಗಿಲ್ಲ, ಗೆರೆ ಬದಲಾಗಿಲ್ಲ. ಬದಲಾದದ್ದು ಅದನ್ನು ಒಪ್ಪಿದವರ ಅಂತಸ್ತು. ಎಂದರೆ ನನ್ನ ಹಿಗ್ಗಿನಲ್ಲಿ ಒಂದು ಪಾಲು ಬೇರೆಯವರ ಮೊಹರಿನ ಹಂಬಲ. ನಮ್ಮ ಬುದ್ಧಿಯನ್ನು ನಾನೇ ನಂಬಲು ಅವರ ಸಹಿ ಬೇಕಾಗಿದೆ.

ಈ ಹಂಬಲ ನನ್ನೊಬ್ಬನದಲ್ಲ ಎಂಬುದಕ್ಕೆ ಒಆರ್‌ಎಸ್‌ನ ಕಥೆ ಸಾಕು. 1953ರಲ್ಲೇ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ, ಕಾಲರಾ ರೋಗಿಗಳಿಗೆ ಉಪ್ಪು, ಸಕ್ಕರೆಯ ನೀರನ್ನು ಬಾಯಿಂದ ಕುಡಿಸಿ ಗುಣಪಡಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ವೈದ್ಯಲೋಕ ಅದಕ್ಕೆ ಕಿವಿಗೊಡಲಿಲ್ಲ. ಕರುಳು ಗ್ಲೂಕೋಸಿನ ಜೊತೆಗೆ ಉಪ್ಪನ್ನೂ ಹೀರಿಕೊಳ್ಳುತ್ತದೆ ಎಂಬ ಶಾಸ್ತ್ರ 1960ರ ದಶಕದಲ್ಲಿ ಪಶ್ಚಿಮದ ಪ್ರಯೋಗಾಲಯಗಳಲ್ಲಿ ಸ್ಪಷ್ಟವಾಯಿತು. ಢಾಕಾ, ಕಲ್ಕತ್ತೆಗಳಲ್ಲಿ ದೇಶಿ, ವಿದೇಶಿ ವೈದ್ಯರು ಅದನ್ನು ಚಿಕಿತ್ಸೆಯಾಗಿ ಬೆಳೆಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಿತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯಿತು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಯ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 3.6ಕ್ಕೆ ಇಳಿಯಿತು. 1978ರಲ್ಲಿ ಅದೇ ಲ್ಯಾನ್ಸೆಟ್, ಇದು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಆಗಬಹುದು ಎಂದು ಬರೆಯಿತು. ಇಷ್ಟಾದರೂ ಅಮೆರಿಕದ ಆಸ್ಪತ್ರೆಗಳು ಮಕ್ಕಳ ಭೇದಿಗೆ ಡ್ರಿಪ್ ಹಾಕುವ ರೂಢಿಯನ್ನು ಬಹುಕಾಲ ಬಿಡಲಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಬಾಯಿಂದ ಕೊಡಿ ಎಂದು ಹೇಳಿದ ಮೇಲೂ ಬಿಡಲಿಲ್ಲ.

ನಮ್ಮೂರ ಕಡೆಯೂ ಭೇದಿಯಾಗಿ ಸುಸ್ತಾದವರಿಗೆ ಡಾಕ್ಟರು ಒಆರ್‌ಎಸ್ ಪೊಟ್ಟಣ ಕೊಟ್ಟು ಕಳಿಸಿದರೆ ಮನೆಯವರಿಗೆ ತೃಪ್ತಿಯಿಲ್ಲ. ‘ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ’ ಎಂದು ಕೇಳುತ್ತಾರೆ. ಡ್ರಿಪ್ ಹಾಕದ ಡಾಕ್ಟರನ್ನು ಬಿಟ್ಟು ಹಾಕುವವರ ಬಳಿ ಹೋಗುತ್ತಾರೆ. ಇದೇ ನೆಲದಲ್ಲಿ ಲಕ್ಷಾಂತರ ಜೀವ ಉಳಿಸಿದ ಮದ್ದು ಇದೇ ನೆಲದವರ ಕಣ್ಣಿಗೆ ಎರಡನೇ ದರ್ಜೆಯದು. ಶ್ರೀಮಂತನೂ ಬಡವನೂ ಒಂದೇ ಅಳತೆಗೋಲು ಹಿಡಿದಿದ್ದಾರೆ: ಬೆಲೆ ಹೆಚ್ಚಿದ್ದರೆ ಗುಣ ಹೆಚ್ಚು. ಬಡ ದೇಶದ ಹೊಸ ವಿಚಾರ ಶ್ರೀಮಂತ ದೇಶದೊಳಗೆ ಹೋಗಲು ಇಷ್ಟು ತಡವಾಗುವುದಕ್ಕೂ, ತನ್ನ ಊರಿನಲ್ಲೇ ಅದಕ್ಕೆ ಗೌರವ ಸಿಗದಿರುವುದಕ್ಕೂ ಇದೇ ಅಳತೆಗೋಲು ಕಾರಣ ಎಂದು ನನಗೆ ಅನ್ನಿಸುತ್ತದೆ.

ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಶುರುಮಾಡಿದ ಪದ್ಧತಿಯೂ ಹೀಗೇ ಬೆಳೆಯಿತು. ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ, ಇದ್ದವುಗಳಲ್ಲಿ ಶಿಶುಗಳನ್ನು ಒತ್ತೊತ್ತಾಗಿ ಮಲಗಿಸಿ ಸೋಂಕು ಹರಡುತ್ತಿದ್ದಾಗ, ತಿಂಗಳು ತುಂಬದೆ ಹುಟ್ಟಿದ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿದರು. ಮೊದಲು ಅದನ್ನು ಯಂತ್ರ ಇಲ್ಲದವರ ದಾರಿ ಎಂದೇ ಜಗತ್ತು ನೋಡಿತು. ಆಮೇಲೆ ಯಂತ್ರ ಧಾರಾಳವಾಗಿರುವ ಯುರೋಪಿನ ಆಸ್ಪತ್ರೆಗಳಲ್ಲೂ ಅದು ಸೇರಿಹೋಯಿತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಅದನ್ನು ವ್ಯಾಪಕವಾಗಿ ಜಾರಿಗೆ ತರುವ ಕೆಲಸ ನಡೆಯಿತು. ಬಡ ದೇಶದಿಂದ ಬಡ ಜಿಲ್ಲೆಗೆ ಬಂದ ಈ ಪಯಣ ಕೇಳಿದಾಗ ನನಗೆ ಅಮೆರಿಕದ ಸುದ್ದಿಯಷ್ಟು ರೋಮಾಂಚನ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದೇ ನಾನು ಉತ್ತರಿಸಬೇಕಾದ ಪ್ರಶ್ನೆ. ಕೊಪ್ಪಳದ ತಾಯಿ ಎದೆಗವಚಿಕೊಂಡ ಕೂಸು ಉಳಿದರೆ ಅದಕ್ಕಿಂತ ದೊಡ್ಡ ಒಪ್ಪಿಗೆ ಯಾವುದು?

ಮೂರನೇ ಪದರ ಇನ್ನೂ ಕಷ್ಟದ್ದು. ಇಂಥ ಕಥೆ ಹೇಳುವಾಗ ನಾನು ಕೊರತೆಯನ್ನೇ ಹೊಗಳತೊಡಗುತ್ತೇನೆ. ಇಲ್ಲದಿದ್ದರೇ ಬುದ್ಧಿ ಓಡುವುದು, ಕಷ್ಟವೇ ಗುರು ಎಂಬಂಥ ಮಾತು ನಾಲಿಗೆಗೆ ಸಲೀಸಾಗಿ ಬರುತ್ತದೆ; ಸಭೆಗಳಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಬನಗಾಂವ್‌ನಲ್ಲಿ ಸಲೈನ್ ಮುಗಿದಾಗ ನೆಲದ ಮೇಲೆ ಸತ್ತು ಬಿದ್ದವರು ಯಾವ ಪಾಠವನ್ನೂ ಕಲಿಯಲಿಲ್ಲ. ಕೊರತೆ ಎಷ್ಟೋ ಶಿಬಿರಗಳಲ್ಲಿತ್ತು. ದಾರಿ ಹುಟ್ಟಿದ್ದು ಕಲಿತ ವೈದ್ಯನೊಬ್ಬ ರೋಗಿಯ ಪಕ್ಕದಲ್ಲಿ ನಿಂತು ಕೈಚೆಲ್ಲದ ಕಡೆ. ಮ್ಯಾಕ್ 400 ಹುಟ್ಟಿದ್ದೂ ಬಡತನದಿಂದಲ್ಲ. ಒಳ್ಳೆಯ ಕಾಲೇಜಿನಲ್ಲಿ ಕಲಿತ ಎಂಜಿನಿಯರುಗಳು, ದೊಡ್ಡ ಕಂಪನಿಯ ಬಂಡವಾಳ, ದಶಕಗಳ ಇಸಿಜಿ ಜ್ಞಾನ ಎಲ್ಲ ಒಂದಾಗಿ ಬಡತನದ ಕಡೆ ತಿರುಗಿ ನೋಡಿದ್ದರಿಂದ ಹುಟ್ಟಿತು. ಹಾಗೆ ತಿರುಗಿ ನೋಡುವುದನ್ನು ನಾನು ಮೆಚ್ಚಬೇಕು. ಬಡತನವನ್ನು ಮೆಚ್ಚಿದರೆ ಅದು ಹಾಗೇ ಇರಲಿ ಎಂದು ಹರಸಿದಂತಾಗುತ್ತದೆ. ನಮ್ಮ ಹಳ್ಳಿಯ ಕರೆಂಟ್ ನಿಲ್ಲದಂತಾದರೆ ಬ್ಯಾಟರಿಯ ಜಾಣ್ಮೆಗೆ ಅವಕಾಶ ಕಡಿಮೆಯಾಗಬಹುದು; ಆಗಲಿ.

2025ರ ಮೇ ಕೊನೆಯಿಂದ ಜೂನ್‌ವರೆಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ 20ಕ್ಕೂ ಹೆಚ್ಚು ಜನ ಸತ್ತ ಸುದ್ದಿ ದಿನವೂ ಪತ್ರಿಕೆಯಲ್ಲಿ ಬಂತು. ಸತ್ತವರಲ್ಲಿ ಎಳೆಯ ಪ್ರಾಯದವರೂ ಇದ್ದರು. ಭಯ ಹರಡಿತು. ಜನ ಬೆಳಗಿನ ಜಾವಕ್ಕೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಾವುಗಳು ಅಸಹಜವಾಗಿ ಏರಿಲ್ಲ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯದಂಥ ಗೊತ್ತಿರುವ ಕಾರಣಗಳೇ ಹೆಚ್ಚಿನವರಲ್ಲಿ ಕಂಡವು ಎಂದು ಸಮಿತಿ ಹೇಳಿತು. ಭಯ ಇಳಿಸುವ ವರದಿ ಅದು. ನನಗೆ ಮಾತ್ರ ಅದು ಬೇರೊಂದು ರೀತಿಯಲ್ಲಿ ನಾಟಿತು. ಏರಿಲ್ಲ ಎಂದರೆ ಮೊದಲೂ ಹೀಗೇ ಸಾಯುತ್ತಿದ್ದರು. ಸುದ್ದಿಯಾಗದೆ, ಗ್ಯಾಸ್ಟ್ರಿಕ್ ಎಂದುಕೊಂಡೇ ಸಾಯುತ್ತಿದ್ದರು. ನಮ್ಮ ಹಳ್ಳಿಗಳನ್ನು ನೆನೆದು ಮಾಡಿದ ಯಂತ್ರ ಮಾರುಕಟ್ಟೆಗೆ ಬಂದು ಹದಿನೈದು ವರ್ಷ ಕಳೆದಿದ್ದರೂ ಒಂದು ಇಸಿಜಿಗಾಗಿ ಜನ ಹಾಸನದಿಂದ ಮೈಸೂರಿಗೆ ಹೋಗಿ ಸಾಲು ನಿಂತರು ಎಂಬುದು ನನ್ನ ಹಿಗ್ಗಿಗೆ ಬಿದ್ದ ದೊಡ್ಡ ಪೆಟ್ಟು.

ಕೆಲಸವೇ ನಡೆದಿಲ್ಲ ಎಂದರೆ ಅನ್ಯಾಯವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ಹೋದ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಎಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ದೂರದ ಇಸಿಜಿಯನ್ನು ಕೆಲವೇ ನಿಮಿಷಗಳಲ್ಲಿ ಓದಿ ಹೇಳುವ ಕೆಲಸವನ್ನು ಹೃದಯತಜ್ಞ ಡಾ. ಚರಿತ್ ಭೋಗರಾಜ್ ಸ್ಥಾಪಿಸಿದ ಬೆಂಗಳೂರಿನ ಟ್ರೈಕಾಗ್ ಕಂಪನಿಯೂ ಮಾಡುತ್ತಿದೆ. ಹೊರದೇಶಗಳಲ್ಲೂ ಅದರ ಸೇವೆಯಿದೆ. ಎಂದರೆ ಯಂತ್ರವಿದೆ, ಓದುವವರಿದ್ದಾರೆ, ಮದ್ದಿದೆ. ಉಳಿದಿರುವುದು ತೋಟದ ಕೂಲಿಗಳು ಇರುವ ಲೈನ್ ಮನೆಯಿಂದ ತಾಲ್ಲೂಕು ಆಸ್ಪತ್ರೆಯವರೆಗಿನ ದೂರ. ಆ ದೂರವನ್ನು ಕಂಪನಿಯೊಂದೇ ಮುಚ್ಚಲಾರದು.

ಇಲ್ಲಿ ನನಗೆ ಯಶಸ್ವಿನಿ ನೆನಪಾಗುತ್ತದೆ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿ ಶೆಟ್ಟಿ, ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ ಎಂಬ ಲೆಕ್ಕವನ್ನು ನಡೆಸಿ ತೋರಿಸಿದರು. 2003ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಮೂಲಕ ಯಶಸ್ವಿನಿ ವಿಮೆ ತಂದಾಗ ಅದರ ಹಿಂದೆಯೂ ಅವರ ಯೋಚನೆಯಿತ್ತು. ತಿಂಗಳಿಗೆ ರೈತ ಕೊಡಬೇಕಾದದ್ದು 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಸೊಸೈಟಿಯಲ್ಲಿ ಗೊಬ್ಬರ ಕೊಳ್ಳುವ ಕೈಯೇ ಹೃದಯದ ಶಸ್ತ್ರಚಿಕಿತ್ಸೆಯ ಪಾಲನ್ನೂ ಕಟ್ಟಿತು. 2014ರಲ್ಲಿ ದೇವಿ ಶೆಟ್ಟಿಯವರ ಆಸ್ಪತ್ರೆಯ ಮಾದರಿ ಸಮುದ್ರ ದಾಟಿ ಕೆರಿಬಿಯನ್‌ನ ಸಿರಿವಂತ ಕೇಮನ್ ದ್ವೀಪಕ್ಕೆ ಹೋಯಿತು. ಅಮೆರಿಕದ ದರಕ್ಕಿಂತ ಬಹಳ ಕಡಿಮೆಗೆ ಅಲ್ಲಿ ಚಿಕಿತ್ಸೆ ಸಿಗತೊಡಗಿತು. ಆದರೆ 5 ರೂಪಾಯಿಯ ಯಶಸ್ವಿನಿ ಅವರ ಜೊತೆಗೆ ಹಡಗು ಹತ್ತಲಿಲ್ಲ. ಇಲ್ಲೇ 2018ರಲ್ಲಿ ಅದು ನಿಂತುಹೋಯಿತು, 2022ರಲ್ಲಿ ಮತ್ತೆ ಶುರುವಾಯಿತು.

ಇದರಲ್ಲಿ ನನಗೆ ಕಾಣುವುದು ಇಷ್ಟು. ಇಲ್ಲದವರಿಂದ ಇದ್ದವರ ಕಡೆಗೆ ಸುಲಭವಾಗಿ ಹರಿಯುವುದು ಮಾರಬಹುದಾದದ್ದು: ಯಂತ್ರ, ಆಸ್ಪತ್ರೆ ನಡೆಸುವ ಕ್ರಮ, ಖರ್ಚಿನ ಲೆಕ್ಕ. ಅದರ ಲಾಭ ಯಾರ ಹೆಸರಿನ ಖಾತೆಗೆ ಹೋಗುತ್ತದೆ ಎಂಬುದೂ ಮೊದಲೇ ಬರೆದಿರುತ್ತದೆ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಸಣ್ಣ ಪಾಲು ಕಟ್ಟುವಂಥ ಸಹಕಾರ ಅಷ್ಟು ಸುಲಭವಾಗಿ ಪಯಣಿಸುವುದಿಲ್ಲ. ಹುಟ್ಟಿದ ಊರಿನಲ್ಲೂ ದಿನವೂ ನೀರೆರೆದರೆ ಮಾತ್ರ ಉಳಿಯುತ್ತದೆ. ಹೊರಗೆ ಹೋದದ್ದನ್ನು ಲೆಕ್ಕ ಹಾಕಿ ಹೆಮ್ಮೆಪಡುವವನು ಇಲ್ಲಿ ಉಳಿಯಬೇಕಾದದ್ದಕ್ಕೆ ತಾನೇನು ಕೊಟ್ಟೆ ಎಂದೂ ಹೇಳಬೇಕು.

ಈ ಪ್ರಶ್ನೆ ನನ್ನನ್ನು ನನ್ನ ಕಾಫಿ ತೋಟಕ್ಕೇ ತಂದು ನಿಲ್ಲಿಸುತ್ತದೆ. ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದವರು ಇಲ್ಲಿ ಲೈನ್ ಮನೆಗಳಲ್ಲಿ ಇರುತ್ತಾರೆ. ಬೆಳಗ್ಗೆ ಇಬ್ಬನಿ ಆರುವ ಮೊದಲೇ ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಬಿಡಿಸುತ್ತಾರೆ, ಸಂಜೆ ತೂಕಕ್ಕೆ ಹೊತ್ತು ತರುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ರಕ್ತದೊತ್ತಡವಿದೆ ಎಂಬುದು ತೋಟ ಇಟ್ಟ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಯಾರು ಎಷ್ಟು ಕಿಲೋ ಕೊಯ್ದರು ಎಂಬುದು ಗೊತ್ತು. ಕಾಫಿಗೆ ಎಂದೂ ಇಲ್ಲದ ಬೆಲೆ ಬಂದ ವರ್ಷಗಳು ಇವು. ಒಂದು ಪರೀಕ್ಷೆಯ ಖರ್ಚನ್ನು ಊರಿನ ಕೈಗೆಟಕುವಂತೆ ಇಳಿಸಲು ಬೆಂಗಳೂರಿನಲ್ಲಿ ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ಹಾಗೆ ಇಳಿದ ಬೆಲೆಯನ್ನು ನನ್ನ ತೋಟದಲ್ಲಿ ದುಡಿಯುವವರಿಗೆ ಮುಟ್ಟಿಸುವುದು ನನ್ನ ಕೆಲಸ. ಅದಕ್ಕೆ ಯಾವ ಹೊಸ ಆವಿಷ್ಕಾರವೂ ಬೇಡ. ಒಂದು ಗಾಡಿ, ಒಂದು ದಿನದ ಸಂಬಳ ಸಹಿತ ರಜೆ, ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಮನಸ್ಸು ಸಾಕು.

ಹಾಗಾಗಿ ನಾನು ಕೆಲವು ನಿರ್ಧಾರಗಳನ್ನು ಗಟ್ಟಿಮಾಡಿಕೊಂಡಿದ್ದೇನೆ. ಕೊಯ್ಲು ಶುರುವಾಗುವ ಮೊದಲು ತೋಟದ ಎಲ್ಲರ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಆಗಬೇಕು. ವಯಸ್ಸಾದವರಿಗೆ ಇಸಿಜಿ ಆಗಬೇಕು. ಎದೆನೋವು ಎಂದವರಿಗೆ ಜೀರಿಗೆ ನೀರು ಕೊಡುವ ಮುನ್ನ 108ಕ್ಕೆ ಕರೆ ಹೋಗಬೇಕು. ದಾರಿಯಲ್ಲಿ ಆನೆಯಿದ್ದರೆ ಬಳಸಿ ಹೋಗುವ ಹಾದಿ ಯಾವುದೆಂದು ಮೊದಲೇ ಎಲ್ಲರಿಗೂ ಗೊತ್ತಿರಬೇಕು. ನಮ್ಮ ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಯಂತ್ರ ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ, ನಡೆಸುವವರಿದ್ದಾರೆಯೇ ಎಂದು ಗ್ರಾಮಸಭೆಯಲ್ಲಿ ಪ್ರತಿ ಸಲ ಕೇಳಬೇಕು. ರಸ್ತೆ, ಚರಂಡಿಯ ಬಗ್ಗೆ ಕೇಳುವಷ್ಟೇ ಹಠದಿಂದ ಕೇಳಬೇಕು. ಅಕ್ಕಪಕ್ಕದ ತೋಟದವರನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಬಡವರ ಕಷ್ಟ ನೋಡಿ ಮಾಡಿದ ವಸ್ತು ಶ್ರೀಮಂತರಿಗೂ ಉಪಯೋಗವಾದರೆ ಅದು ಮನುಷ್ಯಕುಲಕ್ಕೆ ಒಳ್ಳೆಯದೇ. ಅಮೆರಿಕದ ಹಳ್ಳಿಯ ಡಾಕ್ಟರ ಕೈಯಲ್ಲಿ ಅದು ಒಂದು ಜೀವ ಉಳಿಸಿದರೂ ನನಗೆ ಸಂತೋಷವಿದೆ, ಆ ಸಂತೋಷವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಆದರೆ ಅದರ ಯಶಸ್ಸನ್ನು ಅಳೆಯುವ ಜಾಗ ಅಮೆರಿಕ ಆಗಬಾರದು. ಯಾರ ಕೊರತೆಯನ್ನು ಅಳತೆಯಾಗಿ ಹಿಡಿದು ಅದನ್ನು ಮಾಡಿದರೋ ಅವರ ಎದೆಯ ಮೇಲೆ ಅದರ ತಂತಿ ಹತ್ತಿದೆಯೇ ಎಂಬುದೇ ಮೊದಲ ಲೆಕ್ಕ. ಆ ಲೆಕ್ಕ ಪಾಳ್ಯದಲ್ಲಿ ಇನ್ನೂ ಬಾಕಿ ಇದೆ, ಅದರಲ್ಲಿ ಒಂದು ಪಾಲು ನಾನೇ ತೀರಿಸಬೇಕಾದದ್ದು.